ಹೋಟೆಲಿನ ಅಡುಗೆಮನೆಯೊಳಗೆ ಒಬ್ಬ ಅಧಿಕಾರಿ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಆಹಾರ ಸುರಕ್ಷತಾ ಅಧಿಕಾರಿಯಾಗಿ ದುಡಿಯುತ್ತಿರುವ ನಿಮ್ಮ ಕೆಲಸದ ಕಷ್ಟಸುಖಗಳನ್ನು ಹೇಳಿ ಎಂದು ಸಮಿತಿಯವರು ಕೇಳಿದಾಗ, ಕೊಳ್ಳೇಗಾಲದ ಕೇಳುಗರಿಗೆ ಆ ಊರುಗಳ ಗೊಡವೆ ಏಕೆ ಎಂದು ಮೊದಲು ಅನ್ನಿಸಿತು. ಆಮೇಲೆ ಇತಿಹಾಸ ನೆನಪಾಯಿತು. ಈ ಶಾಲೆಯ ಮೊದಲ ಹಾಜರಿ ಪುಸ್ತಕ ತೆರೆದಾಗ ಕೊಳ್ಳೇಗಾಲವು ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಒಂದು ತಾಲೂಕಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ನಾವು ಈ ಕಡೆಗೆ ಬಂದೆವು. ಅಲ್ಲಿಯವರೆಗೆ ನಮ್ಮ ಹಿರಿಯರು ಜಿಲ್ಲಾ ಕಚೇರಿಯ ಕೆಲಸವೆಂದರೆ ಘಟ್ಟ ಇಳಿದು ಕೊಯಮತ್ತೂರಿಗೇ ಹೋಗಬೇಕಾಗಿತ್ತು. ತಿರುಪ್ಪೂರು ಬೇರೆ ಜಿಲ್ಲೆಯಾದದ್ದು ತೀರ ಈಚೆಗೆ, 2009ರಲ್ಲಿ. ಮದರಾಸು ಪ್ರಾಂತದಲ್ಲಿ ಆಹಾರ ಕಲಬೆರಕೆ ತಡೆಯುವ ಕಾನೂನು ಬಂದದ್ದು 1918ರಲ್ಲಿ. ಆದ್ದರಿಂದ ಈ ಶಾಲೆಯ ಮೊದಲ ತಂಡದ ಮಕ್ಕಳು ಕುಡಿದ ಹಾಲಿಗೂ ನಾನು ಇಂದು ಮಾಡುವ ಕೆಲಸಕ್ಕೂ ದೂರದ ನಂಟುಂಟು. ಇದನ್ನು ನೆರೆಮನೆಯ ಸುದ್ದಿಯೆಂದೇ ಕೇಳಬೇಕು.

ನಮ್ಮ ಕೆಲಸದ ಬಗ್ಗೆ ಜನರ ಮನಸ್ಸಿನಲ್ಲಿ ಒಂದು ಚಿತ್ರವಿದೆ. ಅಧಿಕಾರಿ ಜೀಪಿನಿಂದ ಇಳಿಯುತ್ತಾನೆ, ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆಯುತ್ತಾನೆ, ಮೂಗು ಮುಚ್ಚಿಕೊಳ್ಳುತ್ತಾನೆ, ಕೆಟ್ಟ ಕೋಳಿಮಾಂಸದ ಮೇಲೆ ಫಿನಾಯಿಲು ಸುರಿಸುತ್ತಾನೆ, ಬಾಗಿಲಿಗೆ ಬೀಗ ಜಡಿಯುತ್ತಾನೆ. ಟೀವಿಯವರು ತೋರಿಸುವುದು ಇಷ್ಟನ್ನೇ. ಇಂಥ ದಿನಗಳೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ವರ್ಷದ ಬಹುಪಾಲು ದಿನಗಳು ಕಳೆಯುವುದು ಕಾಗದ, ಮೊಹರು, ಅರಗು, ಸಾಕ್ಷಿಯ ಸಹಿ, ನ್ಯಾಯನಿರ್ಣಯದ ದಿನಾಂಕ ಇವುಗಳ ನಡುವೆ. ಅದು ಹಾಗೇಕೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಮ್ಮನ್ನು ಬೈಯುವವರಿಗೂ ಹೊಗಳುವವರಿಗೂ ಈ ಭಾಗ ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಸ್ವತಂತ್ರ ಭಾರತದಲ್ಲಿ 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಅದರ ಗಮನವೆಲ್ಲ ಕಲಬೆರಕೆಯ ಮೇಲೆ: ಹಾಲಿಗೆ ನೀರು, ಮೆಣಸಿನ ಪುಡಿಗೆ ಇಟ್ಟಿಗೆ ಪುಡಿ, ಕಾಳುಮೆಣಸಿಗೆ ಪಪಾಯಿ ಬೀಜ. ಅದರ ಬದಲಿಗೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2011ರ ಆಗಸ್ಟ್ 5ರಿಂದ ಜಾರಿಯಾಯಿತು. ಹೊಸ ಕಾನೂನು ಕೇಳುವ ಪ್ರಶ್ನೆ ಬೇರೆ. ವಸ್ತು ಅಸಲಿಯಾಗಿದ್ದರೂ ಅದನ್ನು ಬೇಯಿಸಿದ ಕೈ, ತೊಳೆದ ನೀರು, ಇಟ್ಟ ಜಾಗ, ಕಾದ ಹೊತ್ತು ಇವೆಲ್ಲ ಸರಿಯಾಗಿದ್ದವೆ? ಪೂರ್ತಿ ಅಸಲಿಯಾದ ಅಕ್ಕಿಯಿಂದ ಮಾಡಿದ ಅನ್ನವೂ ಮಧ್ಯಾಹ್ನದಿಂದ ರಾತ್ರಿಯವರೆಗೆ ಬೆಚ್ಚಗಿನ ಅಡುಗೆಮನೆಯಲ್ಲಿ ಕುಳಿತರೆ ವಾಂತಿ ತರಿಸಬಲ್ಲದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಆರಿದ ಅನ್ನದಲ್ಲಿ ಎಚ್ಚರಗೊಂಡು ಅವು ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿಯಾಗಿ ಬಡಿಸುವುದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಲಿ, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗಿರಲಿ ಎಂದು ನಿಯಮ ಹೇಳುವುದು ಇದಕ್ಕಾಗಿಯೇ. ನನ್ನ ಚೀಲದಲ್ಲಿ ಸದಾ ಇರುವ ಉಪಕರಣ ಒಂದು ಉಷ್ಣಮಾಪಕ. ಅದನ್ನು ಸಾಂಬಾರಿನ ಪಾತ್ರೆಗೆ ಇಳಿಬಿಟ್ಟಾಗ ಎಷ್ಟೋ ಅಡುಗೆಯವರು ನಗುತ್ತಾರೆ. "ಸಾಂಬಾರಿಗೂ ಜ್ವರ ನೋಡುತ್ತೀರಾ ಸಾರ್?" ಎಂದು ಒಬ್ಬಾತ ಕೇಳಿದ್ದ. ಆ ಪ್ರಶ್ನೆ ನನಗೆ ಇಂದಿಗೂ ಇಷ್ಟ. ಜ್ವರವಿದ್ದರೆ ಒಳ್ಳೆಯದು, ಇಳಿದರೇ ಕಷ್ಟ ಎಂದು ಹೇಳಿ ಬಂದೆ.

ಇಲ್ಲಿಂದಲೇ ನಮ್ಮ ಮೊದಲ ತೊಡಕು ಶುರುವಾಗುತ್ತದೆ. ಅಪಾಯಕಾರಿಯಾದದ್ದು ಬಹುಮಟ್ಟಿಗೆ ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣುವುದೆಲ್ಲ ಅಪಾಯಕಾರಿಯಲ್ಲ. ಹೊಗೆ ಹಿಡಿದ ಗೋಡೆಯ ಹಳೆಯ ಮೆಸ್ಸಿನಲ್ಲಿ ಬೆಳಗಿನ ಅಡುಗೆ ಮಧ್ಯಾಹ್ನಕ್ಕೆ ಖಾಲಿಯಾಗಿ ಏನೂ ಉಳಿದಿರುವುದಿಲ್ಲ. ಗಾಜಿನ ಬಾಗಿಲು, ಹೊಳೆಯುವ ಟೈಲ್ಸು ಇರುವ ಕಡೆ ಮೂರು ದಿನದ ಗ್ರೇವಿ ಶೀತಪೆಟ್ಟಿಗೆಯಲ್ಲಿ ಕಾದಿರುತ್ತದೆ. ಗಿರಾಕಿ ದೂರು ಕೊಡುವುದು ಮೊದಲನೆಯದರ ಮೇಲೆ.

ಎರಡನೆಯದು ಹೊತ್ತಿನ ತೊಡಕು. ಹೋಟೆಲಿನ ನಿಜವಾದ ಅಡುಗೆಮನೆ ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ ಮತ್ತು ರಾತ್ರಿ ಒಂಬತ್ತರ ಮೇಲೆ ಇರುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಹೋದ ಅಧಿಕಾರಿಗೆ ಕಾಣುವುದು ತೊಳೆದ ನೆಲ ಮತ್ತು ನಗುಮುಖದ ಮಾಲೀಕ. ಒಂದು ಬೀದಿಯಲ್ಲಿ ಮೊದಲ ಅಂಗಡಿಗೆ ಕಾಲಿಟ್ಟರೆ ಐದು ನಿಮಿಷದಲ್ಲಿ ಕೊನೆಯ ಅಂಗಡಿಗೆ ಫೋನು ಹೋಗಿರುತ್ತದೆ. ಆದ್ದರಿಂದ ಗಾಂಧಿಪುರದ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳನ್ನು ನೋಡಬೇಕಾದರೆ ರಾತ್ರಿ ಹೋಗಬೇಕು. ತಿರುಪ್ಪೂರಿನಲ್ಲಂತೂ ಬನಿಯನ್ ಕಾರ್ಖಾನೆಗಳ ಪಾಳಿ ಬಿಟ್ಟ ಮೇಲೆ ಬೀದಿಯೇ ಊಟದ ಮನೆಯಾಗುತ್ತದೆ. ಬಿಹಾರ, ಒಡಿಶಾ, ಜಾರ್ಖಂಡಗಳಿಂದ ಬಂದ ಸಾವಿರಾರು ಹುಡುಗರು ತಳ್ಳುಗಾಡಿಯ ಮುಂದೆ ನಿಂತೇ ಉಣ್ಣುತ್ತಾರೆ. ಅವರ ಕೋಣೆಗಳಲ್ಲಿ ಒಲೆ ಹಚ್ಚಲು ಜಾಗವಿಲ್ಲ. ಆ ಗಾಡಿಯನ್ನು ಎತ್ತಿಸಿದರೆ ಅಂದಿನ ರಾತ್ರಿ ಅವರಿಗೆ ಊಟವಿಲ್ಲ. ಈ ಮಾತನ್ನು ಕಾನೂನಿನ ಪುಸ್ತಕದಲ್ಲಿ ಬರೆದಿಲ್ಲ; ಗಾಡಿಯ ಮುಂದೆ ನಿಂತವನಿಗೆ ಮಾತ್ರ ಅದು ಗೊತ್ತಾಗುತ್ತದೆ. ರಾತ್ರಿ ಹೊತ್ತು ಒಬ್ಬರೇ ಈ ಕೆಲಸಕ್ಕೆ ಹೋಗಬೇಕಾದ ಮಹಿಳಾ ಸಹೋದ್ಯೋಗಿಗಳ ಪಾಡು ಇನ್ನೂ ಕಠಿಣ.

ಇನ್ನು ಮಾದರಿ ಸಂಗ್ರಹದ ವಿಷಯ. ಅನುಮಾನ ಬಂದ ಪದಾರ್ಥವನ್ನು ನಾವು ಸುಮ್ಮನೆ ಎತ್ತಿಕೊಂಡು ಬರುವಂತಿಲ್ಲ, ಬೆಲೆ ಕೊಟ್ಟು ಕೊಳ್ಳಬೇಕು. ಅದನ್ನು ನಾಲ್ಕು ಭಾಗ ಮಾಡಿ, ಪ್ರತಿಯೊಂದಕ್ಕೂ ಗುರುತು ಹಾಕಿ ಮೊಹರು ಮಾಡಿ, ಮಾಲೀಕನ ಸಹಿ ಪಡೆಯಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತ ಅಧಿಕಾರಿಗೆ. ಮಾಲೀಕ ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ಕೊಯಮತ್ತೂರಿನಲ್ಲೇ ಸರ್ಕಾರಿ ಆಹಾರ ಪ್ರಯೋಗಾಲಯ ಇರುವುದು ನಮ್ಮ ಪುಣ್ಯ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿಯ ಮೇಲೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಮಾಲೀಕನಿಗಿದೆ. ಎಣ್ಣೆ, ಪುಡಿ, ತುಪ್ಪಗಳಿಗೆ ಈ ಕ್ರಮ ಚೆನ್ನಾಗಿಯೇ ಹೊಂದುತ್ತದೆ. ಊತುಕುಳಿಯ ಬೆಣ್ಣೆ ತುಪ್ಪ, ಕಾಂಗೇಯದ ಕೊಬ್ಬರಿ ಎಣ್ಣೆ ಇವೆರಡೂ ಹೆಸರಾದ ಸರಕುಗಳು. ಹೆಸರಾದದ್ದರ ಬೆನ್ನಿಗೇ ನಕಲಿ ಹುಟ್ಟುತ್ತದೆ, ಆ ನಕಲಿಯನ್ನು ಪ್ರಯೋಗಾಲಯ ಹಿಡಿಯುತ್ತದೆ. ಆದರೆ ರಾತ್ರಿ ತಿಂದ ಬಿರಿಯಾನಿಯಿಂದ ಬೆಳಗ್ಗೆ ಹತ್ತು ಮಂದಿ ಆಸ್ಪತ್ರೆ ಸೇರಿದರೆ, ನಾವು ಹೋಗುವ ಹೊತ್ತಿಗೆ ಹಂಡೆ ತೊಳೆದು ಬೋರಲು ಹಾಕಿರುತ್ತಾರೆ. ಸಿಕ್ಕ ಚೂರುಪಾರನ್ನು ತಂಪಾಗಿ, ಹೊರಗಿನ ಸೋಂಕು ತಗಲದಂತೆ ಸಾಗಿಸಬೇಕು. ದಾರಿಯಲ್ಲಿ ಬಿಸಿಲು ತಗಲಿದರೆ ಕ್ರಿಮಿ ನಮ್ಮ ಪೆಟ್ಟಿಗೆಯಲ್ಲೇ ಬೆಳೆಯಿತೆಂದು ಎದುರು ವಕೀಲರು ವಾದಿಸುತ್ತಾರೆ. ಅವರು ವಾದಿಸುವುದು ತಪ್ಪೂ ಅಲ್ಲ.

ಅಧಿಕಾರಿಯ ಕೈಗೆ ಕಾನೂನು ಕೋಲು ಕೊಟ್ಟಿರುವಂತೆ, ಆ ಕೈಯನ್ನೂ ಕಟ್ಟಿದೆ. ಕಾಯಿದೆಯ 39ನೆಯ ಪ್ರಕರಣದ ಪ್ರಕಾರ, ಸಕಾರಣವಿಲ್ಲದೆ ಕಿರುಕುಳದ ಉದ್ದೇಶದಿಂದ ಆಹಾರವನ್ನು ಮುಟ್ಟುಗೋಲು ಹಾಕಿಕೊಂಡ ಅಧಿಕಾರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ನನ್ನ ಕೆಲವು ಸಹೋದ್ಯೋಗಿಗಳು ಇದನ್ನು ಕತ್ತಿಯೆಂದು ಭಾವಿಸುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಒಬ್ಬನ ಒಲೆಯನ್ನು ಆರಿಸುವ ಅಧಿಕಾರ ಇರುವವನಿಗೆ ಇಷ್ಟು ಭಯ ಇರಲೇಬೇಕು. ದೂರುಗಳಲ್ಲಿ ಎಷ್ಟೋ ಪಾಲು ಪಕ್ಕದ ಅಂಗಡಿಯವನ ಹೊಟ್ಟೆಕಿಚ್ಚಿನಿಂದ ಹುಟ್ಟಿದವು. ಬಿಲ್ಲು ತಪ್ಪಿಸಿಕೊಳ್ಳಲು ಜೇಬಿನಿಂದ ಜಿರಳೆ ತೆಗೆದು ತಟ್ಟೆಗೆ ಹಾಕಿದ ಮಹಾನುಭಾವರನ್ನೂ ನಾನು ಬಲ್ಲೆ. ಬೆಂದ ಜಿರಳೆಗೂ ಬೇಯದ ಜಿರಳೆಗೂ ಇರುವ ವ್ಯತ್ಯಾಸವನ್ನು ಗುರುತಿಸುವುದೂ ಈ ವೃತ್ತಿಯ ಒಂದು ವಿದ್ಯೆ. ಈ ಶಾಲೆಯಲ್ಲಿ ಅದನ್ನು ಕಲಿಸಿರಲಿಲ್ಲ. ಈಗ ದೂರಿಗಿಂತ ಮುಂಚೆ ವಿಡಿಯೋ ಬರುತ್ತದೆ. ನಾನು ಸ್ಥಳಕ್ಕೆ ತಲುಪುವ ಮೊದಲೇ ಸಾವಿರಾರು ಜನ ತೀರ್ಪು ಕೊಟ್ಟಿರುತ್ತಾರೆ. ಆ ತೀರ್ಪಿನ ವಿರುದ್ಧ "ಇಲ್ಲಿ ದೋಷವಿಲ್ಲ" ಎಂದು ಬರೆಯುವ ಅಧಿಕಾರಿ ಲಂಚ ತಿಂದವನೆಂದೇ ಲೆಕ್ಕ. ಇತ್ತ ಬೀಗ ಹಾಕಿದರೆ ಸಂಜೆಯೊಳಗೆ ಯಾರಾದರೂ ದೊಡ್ಡವರ ಕರೆ ಬರುತ್ತದೆ. ಕರೆ ಮಾಡಿದವರು ಯಾರೂ "ಬಿಟ್ಟುಬಿಡಿ" ಎನ್ನುವುದಿಲ್ಲ. "ಸ್ವಲ್ಪ ನೋಡಿ" ಎನ್ನುತ್ತಾರೆ. ನೋಡಿದ್ದಕ್ಕೇ ಅಲ್ಲವೆ ಸ್ವಾಮಿ ಬೀಗ ಹಾಕಿದ್ದು ಎಂದು ಮನಸ್ಸಿನಲ್ಲೇ ಅಂದುಕೊಂಡು, ಫೈಲಿನಲ್ಲಿ ಏನಿದೆಯೋ ಅದನ್ನು ಅವರಿಗೆ ಓದಿ ಹೇಳುವುದು ನಾನು ಕಂಡುಕೊಂಡ ದಾರಿ.

ಈ ವೃತ್ತಿಯ ಭಾರ ಎಷ್ಟೆಂದು ಮನದಟ್ಟಾದದ್ದು 2022ರ ಮೇ ತಿಂಗಳಲ್ಲಿ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಹದಿನಾರು ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು. ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಕಂಡದ್ದು ಷಿಗೆಲ್ಲಾ. ಕೆಲವೇ ಹತ್ತು ಜೀವಾಣುಗಳು ಹೊಟ್ಟೆಗೆ ಹೋದರೂ ರೋಗ ತರಬಲ್ಲ ಕ್ರಿಮಿ ಅದು. ಅದು ಹರಡುವುದು ಹೆಚ್ಚಾಗಿ ಶೌಚದ ನಂತರ ಸರಿಯಾಗಿ ತೊಳೆಯದ ಕೈಗಳಿಂದ. ಮರುವರ್ಷ ಸೆಪ್ಟೆಂಬರಿನಲ್ಲಿ ನಮ್ಮ ನೆರೆಯ ನಾಮಕ್ಕಲ್ಲಿನಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಇದೇ ತಿಂಡಿ ತಿಂದ ಮೇಲೆ ಕೊನೆಯುಸಿರೆಳೆದಳು. ಅಂದಿನಿಂದ ಷವರ್ಮಾ ಅಂಗಡಿಗಳ ತಪಾಸಣೆ ರಾಜ್ಯದಾದ್ಯಂತ ನಡೆಯಿತು. ಕೊಯಮತ್ತೂರಿನ ಒಂದೊಂದು ಬೀದಿಯಲ್ಲೂ ನಾವು ನಿಂತೆವು.

ಷವರ್ಮಾದ ತೊಂದರೆ ಅದರ ಯಂತ್ರದಲ್ಲೇ ಇದೆ. ಲಂಬವಾಗಿ ನಿಂತ ಕಂಬಿಗೆ ಮಾಂಸದ ತುಂಡುಗಳನ್ನು ಪೋಣಿಸಿ ತಿರುಗಿಸುತ್ತಾರೆ. ಹೊರಗಿನ ಪದರ ಬೇಯುತ್ತದೆ, ಒಳಗಿನದು ಹಸಿಯಾಗಿಯೇ ಬೆಚ್ಚಗಿರುತ್ತದೆ. ಗಿರಾಕಿಗಳು ಮುಗಿಬಿದ್ದಾಗ ಚಾಕು ಬೇಯದ ಪದರದವರೆಗೂ ಇಳಿಯುತ್ತದೆ. ಗಿರಾಕಿ ಇಲ್ಲದಾಗ ಅನಿಲ ಉಳಿಸಲು ಉರಿ ಆರಿಸುತ್ತಾರೆ. ಅರೆಬೆಂದ ಮಾಂಸ ಕ್ರಿಮಿಗೆ ಹಿತವಾದ ಶಾಖದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಅದರ ಜೊತೆಗೆ ಹಸಿ ಮೊಟ್ಟೆಯ ಮೇಯನೀಸು. ಪಲ್ಲಡದ ಸುತ್ತಲಿನ ಕೋಳಿ ಫಾರಂಗಳಿಂದ ಬರುವ ಮಾಂಸ ತಾಜಾ ಆಗಿಯೇ ಇರಬಹುದು. ಕೆಡುವುದು ಅಂಗಡಿಯ ಆ ಒಂದೂವರೆ ಅಡಿ ಜಾಗದಲ್ಲಿ. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಸರ್ಕಾರ ಹಸಿ ಮೊಟ್ಟೆಯ ಮೇಯನೀಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ನಿಷೇಧದ ಮರುದಿನವೇ ಎಲ್ಲ ಅಂಗಡಿಯವರೂ "ನಮ್ಮದು ಮೊಟ್ಟೆ ಇಲ್ಲದ್ದು" ಎಂದರು. ಕೆಲವರದು ನಿಜವಾಗಿ ಇರಲಿಲ್ಲ. ಬಟ್ಟಲಿನಲ್ಲಿ ನೋಡಿ ಹೇಳುವುದು ಸುಲಭವಲ್ಲ. ಅಡುಗೆಮನೆಯ ಹಿಂದಿನ ಕಸದ ಬುಟ್ಟಿಯಲ್ಲಿ ಮೊಟ್ಟೆಯ ಚಿಪ್ಪು ಎಷ್ಟಿದೆ ಎಂದು ನೋಡಿ ಹೇಳುವುದು ಸುಲಭ. ಕಸದ ಬುಟ್ಟಿಯಷ್ಟು ಸತ್ಯವಂತ ಸಾಕ್ಷಿಯನ್ನು ನಾನು ಈ ವೃತ್ತಿಯಲ್ಲಿ ಕಂಡಿಲ್ಲ.

ಬಣ್ಣದ ಕಥೆ ನಿಮಗೂ ಗೊತ್ತಿರುತ್ತದೆ. 2024ರ ಫೆಬ್ರುವರಿಯಲ್ಲಿ ತಮಿಳುನಾಡಿನಲ್ಲಿ, ಮಾರ್ಚಿಯಲ್ಲಿ ನಮ್ಮ ಕರ್ನಾಟಕದಲ್ಲಿ, ರೋಡಮಿನ್-ಬಿ ಬೆರೆತ ಬಾಂಬೆ ಮಿಠಾಯಿಗೆ ತಡೆ ಬಿತ್ತು. ಕರ್ನಾಟಕದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿದರು. ರೋಡಮಿನ್-ಬಿ ಎಂಬುದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಬಟ್ಟೆಗೆ ಬಣ್ಣ ಹಾಕುವುದೇ ಕಸುಬಾದ ತಿರುಪ್ಪೂರಿನಲ್ಲಿ ನಿಂತು ಈ ಮಾತು ಹೇಳುವಾಗ ನನಗೆ ವಿಚಿತ್ರವಾದ ಸಂಕಟವಾಗುತ್ತದೆ. ಆಹಾರದಲ್ಲಿ ಬಳಸಲು ಒಪ್ಪಿಗೆ ಪಡೆದ ಬಣ್ಣಗಳೂ ಕೆಲವೇ. ಅವನ್ನೂ ಐಸ್‌ಕ್ರೀಮು, ಮಿಠಾಯಿಗಳಂಥ ಕೆಲವು ಪದಾರ್ಥಗಳಿಗೆ ಮಾತ್ರ, ಅಳತೆ ಮೀರದಂತೆ ಹಾಕಬಹುದು. ಬಿರಿಯಾನಿಗೆ, ಕಬಾಬಿಗೆ ಹಾಕುವಂತಿಲ್ಲ. ಆದರೆ ಕೆಂಪಗಿಲ್ಲದ ಕಬಾಬನ್ನು ಗಿರಾಕಿ ಮುಟ್ಟುವುದಿಲ್ಲ. ಕೊಯಮತ್ತೂರಿನ ಸಂಜೆಯ ಬೀದಿಗಳಲ್ಲಿ ಕಾಳಾನ್ ಎಂಬ ಅಣಬೆಯ ತಿಂಡಿ ಬಹಳ ಪ್ರಸಿದ್ಧ. ಕಾವಲಿಯ ಮೇಲೆ ಕೊತಕೊತ ಕುದಿಯುತ್ತಿರುವ ಆ ತಿಂಡಿ ಮಾರುವ ಒಬ್ಬ ಹುಡುಗ ಬಣ್ಣವಿಲ್ಲದೆ ಒಂದು ವಾರ ಮಾರಿ ನೋಡಿದ. ನಾನು ಹೋದಾಗ ತನ್ನ ಗಲ್ಲಾಪೆಟ್ಟಿಗೆಯನ್ನೇ ತೆರೆದು ತೋರಿಸಿದ. ಅದಕ್ಕೆ ಉತ್ತರವಾಗಿ ನಾನು ಮಾಡಲು ಸಾಧ್ಯವಾದದ್ದು ಇಷ್ಟೆ: ಅದೇ ಬೀದಿಯ ಉಳಿದ ಗಾಡಿಗಳಲ್ಲೂ ಬಣ್ಣ ಇರದಂತೆ ನೋಡಿಕೊಳ್ಳುವುದು. ಒಬ್ಬನ ಮೇಲೆ ಮಾತ್ರ ಜಾರಿಯಾದ ನಿಯಮ ಅವನ ಪಾಲಿಗೆ ನಷ್ಟವಾಗಿಬಿಡುತ್ತದೆ.

ಕರಿದ ಎಣ್ಣೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನದ ಸುದ್ದಿಯಿದೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇಕಡ 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಇದೆ. ಅದನ್ನು ಅಳೆಯಲು ಕೈಯಲ್ಲಿ ಹಿಡಿಯುವ ಮೀಟರು ಉಂಟು. ಬಿಸಿ ಎಣ್ಣೆಗೆ ಅದ್ದಿದರೆ ಅಲ್ಲೇ ಅಂಕಿ ಬರುತ್ತದೆ, ಮಾಲೀಕನೂ ನೋಡಬಹುದು. ಅಂಕಿಯೊಡನೆ ಯಾರೂ ಜಗಳವಾಡುವುದಿಲ್ಲ. ಹಿಂದೆ ದೊಡ್ಡ ಹೋಟೆಲಿನ ಕಪ್ಪು ಎಣ್ಣೆ ಅಗ್ಗಕ್ಕೆ ರಸ್ತೆಬದಿಯ ಬಜ್ಜಿ ಅಂಗಡಿಗೆ ಹೋಗುತ್ತಿತ್ತು. ಈಗ ಅದೇ ಎಣ್ಣೆಯನ್ನು ಬೆಲೆ ಕೊಟ್ಟು ಕೊಂಡು ಜೈವಿಕ ಡೀಸೆಲ್ ಮಾಡುವವರಿದ್ದಾರೆ. ಉಪದೇಶಕ್ಕೆ ಬಗ್ಗದ ಮಾಲೀಕ ಬೆಲೆಗೆ ಬಗ್ಗಿದ. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವುದು, ವಡೆಯನ್ನು ಸುದ್ದಿಪತ್ರಿಕೆಯಲ್ಲಿ ಸುತ್ತುವುದು ಇವನ್ನು ಬಿಡಿಸಲು ಅಂಥ ಬೆಲೆ ಇನ್ನೂ ಯಾರೂ ಕಂಡುಹಿಡಿದಿಲ್ಲ. ಪತ್ರಿಕೆಯ ಶಾಯಿ ಎಣ್ಣೆಗೆ ಕರಗುತ್ತದೆ ಎಂದು ನಾನು ಹೇಳಿದರೆ, "ನಿನ್ನೆಯ ಪೇಪರ್ ಸಾರ್, ಒಣಗಿದೆ" ಎಂಬ ಉತ್ತರ.

ಈಗ ನಾನು ಹೇಳುವುದು ನಿಮ್ಮಂಥ ಕನ್ನಡಿಗರ ಮುಂದೆ ಮಾತ್ರ ಹೇಳಬಹುದಾದ ಒಂದು ಪ್ರಸಂಗ. ಕೊಯಮತ್ತೂರು ಸೀಮೆಯಲ್ಲಿ ಕನ್ನಡ ಮನೆಮಾತಿನವರು ಬಹಳ ಮಂದಿ ಇದ್ದಾರೆ. ದೇವಾಂಗ ನೇಕಾರರು, ಒಕ್ಕಲಿಗರು, ತಲೆಮಾರುಗಳಿಂದ ಅಲ್ಲೇ ನೆಲೆಸಿದವರು. ತಮಿಳಿನಲ್ಲಿ ಓದಿ ಬರೆದು, ಮನೆಯಲ್ಲಿ ತಮ್ಮದೇ ಧಾಟಿಯ ಕನ್ನಡ ಆಡುತ್ತಾರೆ. ತಿರುಪ್ಪೂರಿನ ಒಂದು ಗಲ್ಲಿಯಲ್ಲಿ ಅಂಥ ದಂಪತಿ ಒಂದು ಮೆಸ್ ನಡೆಸುತ್ತಿದ್ದರು. ತಪಾಸಣೆಗೆ ಹೋದೆ. ನೀರಿನ ತೊಟ್ಟಿಗೆ ಮುಚ್ಚಳವಿಲ್ಲ. ಕೈತೊಳೆಯಲು ಅಡುಗೆಯವರಿಗೆ ಬೇರೆ ಜಾಗವಿಲ್ಲ. ಹಿಟ್ಟು ನಾದುತ್ತಿದ್ದ ಹುಡುಗನ ಬೆರಳಿಗೆ ಬಟ್ಟೆ ಸುತ್ತಿತ್ತು, ಅದರಲ್ಲಿ ಕೀವು. ಕೆಲಸಗಾರರ ವೈದ್ಯಕೀಯ ಪ್ರಮಾಣಪತ್ರ ಒಂದೂ ಇಲ್ಲ. ನಾನು ಬರೆದುಕೊಳ್ಳುತ್ತಿದ್ದಾಗ ಫೋನು ಬಂತು. ಮನೆಯಿಂದ ಬಂದ ಕರೆ, ಕನ್ನಡದಲ್ಲಿ ನಾಲ್ಕು ಮಾತು ಆಡಿದೆ. ಆ ತಾಯಿಯ ಮುಖ ಅರಳಿತು. "ನೀವೂ ನಮ್ಮ ಮಾತಿನವರೇ ಏನು ಸಾರ್! ಹಂಗಾದ್ರೆ ಭಯ ಇಲ್ಲ" ಎಂದರು. ಚಾಪೆ ಹಾಕಿದರು, ಮಜ್ಜಿಗೆ ತಂದರು. ಆ ಮಾತಿನಲ್ಲಿ ಲಂಚವಿರಲಿಲ್ಲ, ಕಪಟವೂ ಇರಲಿಲ್ಲ. ಪರಸ್ಥಳದಲ್ಲಿ ತಾಯ್ನುಡಿ ಕೇಳಿದವರ ಸಂತೋಷ ಮಾತ್ರ ಇತ್ತು. ದೊಡ್ಡವರ ಫೋನಿಗೆ ಜಗ್ಗದ ನಾನು ಆ ಚಾಪೆಯ ಮುಂದೆ ಬಹಳ ಹೊತ್ತು ನಿಂತೆ.

ಮಜ್ಜಿಗೆ ಕುಡಿಯಲಿಲ್ಲ. 32ನೆಯ ಪ್ರಕರಣದ ಕೆಳಗೆ ಸುಧಾರಣಾ ನೋಟಿಸಿಗೆ ಶಿಫಾರಸು ಬರೆದೆ. ಏನೇನು ಸರಿಪಡಿಸಬೇಕು, ಎಷ್ಟು ದಿನದೊಳಗೆ ಎಂದು ಆ ನೋಟಿಸಿನಲ್ಲಿರುತ್ತದೆ. ಸರಿಪಡಿಸದಿದ್ದರೆ ಪರವಾನಗಿ ಅಮಾನತಾಗುತ್ತದೆ. ಅದರ ಒಂದೊಂದು ಸಾಲನ್ನೂ ಅವರಿಗೆ ಕನ್ನಡದಲ್ಲೇ ಓದಿ ವಿವರಿಸಿದೆ. ತಮಿಳಿನಲ್ಲಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಕೆ ಒಂದೂ ಮಾತಾಡದೆ ಕೇಳಿಸಿಕೊಂಡು, ಚಾಪೆ ಸುತ್ತಿ ಎತ್ತಿಟ್ಟರು.

ಗಡುವು ಮುಗಿದ ಮೇಲೆ ಮತ್ತೆ ಹೋದೆ. ತೊಟ್ಟಿಗೆ ಮುಚ್ಚಳ ಬಂದಿತ್ತು. ಮೂಲೆಯಲ್ಲಿ ಹೊಸ ಬೇಸಿನ್, ಸೋಪು. ಆರು ಜನರ ವೈದ್ಯಕೀಯ ಪ್ರಮಾಣಪತ್ರವನ್ನು ಗೋಡೆಗೆ ಅಂಟಿಸಿದ್ದರು. ಚೀಟಿಯ ಹಣ ಎತ್ತಿ ಇಷ್ಟನ್ನೂ ಮಾಡಿಸಿದೆವು ಎಂದು ಆಕೆಯ ಗಂಡ ಹೇಳಿದರು. ಆಮೇಲೆ ಆಕೆ ಒಂದು ಪ್ರಶ್ನೆ ಕೇಳಿದರು. "ಜ್ವರ ಬಂದವನನ್ನ, ಕೈಗೆ ಗಾಯ ಆದವನನ್ನ ಅಡುಗೆಗೆ ಹಚ್ಚಬ್ಯಾಡಿ ಅಂತ ಬರ್ದೀರಲ್ಲ ಸಾರ್, ಸರಿ. ಅವನ ಕೂಲಿ ಯಾರು ಕೊಡ್ತಾರೆ? ನಾನು ಕೊಡಕಾಗಲ್ಲ. ಕೊಡ್ದೇ ಇದ್ರೆ ಅವನು ಗಾಯ ಮುಚ್ಚಿಟ್ಕೊಂಡು ಬತ್ತಾನೆ."

ಆ ಪ್ರಶ್ನೆಗೆ ನನ್ನ ಬಳಿ ಕಾನೂನಿನ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು, ಸೋಂಕಿರುವವರು ಆಹಾರ ಮುಟ್ಟಬಾರದು ಎಂಬ ನಿಯಮ ಸರಿಯಾಗಿಯೇ ಇದೆ. ಆದರೆ ದಿನಗೂಲಿಯ ಹುಡುಗ ಭೇದಿಯಾಗುತ್ತಿದೆ ಎಂದು ಮಾಲೀಕನ ಮುಂದೆ ಬಾಯಿಬಿಟ್ಟರೆ ಅಂದಿನ ಸಂಬಳ ಹೋಯಿತು. ದೂರದ ಊರಿನಿಂದ ಬಂದು, ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಮಲಗುವ ಅವನಿಗೆ ಆ ಸಂಬಳವೇ ಊರಿಗೆ ಕಳಿಸುವ ಹಣ. ಚೆರುವತ್ತೂರಿನಲ್ಲಿ ಏನಾಯಿತೆಂದು ಆಗಲೇ ಹೇಳಿದೆ. ಅಂಥ ಕ್ರಿಮಿ ಹರಡುವ ದಾರಿಗಳಲ್ಲಿ ಬಾಯಿಬಿಡದ ಈ ಹುಡುಗನೂ ಒಂದು. ರಜೆಯ ಕೂಲಿ ಕೊಡುವ ಹೋಟೆಲುಗಳು ಕೆಲವಿವೆ. ಅವುಗಳಲ್ಲಿ ಕೆಲಸಗಾರ ತಾನಾಗಿಯೇ ಬಂದು ಹೊಟ್ಟೆ ಸರಿಯಿಲ್ಲ ಎನ್ನುತ್ತಾನೆ. ತಪಾಸಣಾ ಪಟ್ಟಿಯಲ್ಲಿ ಇದಕ್ಕೊಂದು ಅಂಕಣವಿಲ್ಲದಿದ್ದರೂ, ಯಾವ ಹೋಟೆಲಿಗೆ ಹೋದರೂ ನಾನು ಈ ಪ್ರಶ್ನೆ ಕೇಳಿಯೇ ಬರುತ್ತೇನೆ. ನೀವೂ ನಿಮ್ಮ ಪರಿಚಯದ ಹೋಟೆಲಿನ ಮಾಲೀಕರನ್ನು ಒಮ್ಮೆ ಕೇಳಿ ನೋಡಿ. ಅಡುಗೆಮನೆಯ ಟೈಲ್ಸು ನೋಡುವುದಕ್ಕಿಂತ ಹೆಚ್ಚು ತಿಳಿಯುತ್ತದೆ.

ಕೊನೆಗೆ, ನಮ್ಮ ಮನೆಯಂಗಳದ ಮಾತು. 2018ರ ಡಿಸೆಂಬರ್ 14ರಂದು ಇಲ್ಲೇ ಹನೂರಿನ ಕಡೆ, ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಈ ಸಭೆಯಲ್ಲಿ ಅವರ ಬಂಧುಗಳೂ ಇರಬಹುದು. ಅವರ ಮುಂದೆ ಹೆಚ್ಚು ಹೇಳಲಾರೆ. ವಿಷವಿಕ್ಕುವ ದುಷ್ಟತನವನ್ನು ತಡೆಯುವುದು ಆಹಾರ ತಪಾಸಕನ ಅಳವಿಗೆ ಮೀರಿದ್ದು. ಆದರೆ ಅದಕ್ಕೂ ಐದು ವರ್ಷ ಮುಂಚೆ, 2013ರ ಜುಲೈಯಲ್ಲಿ, ಬಿಹಾರದ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡಾಗ ಅಲ್ಲಿಯೂ ಕಂಡದ್ದು ಕೀಟನಾಶಕವೇ. ಹೊಲದ ಔಷಧಿಯ ಡಬ್ಬಿ ಅಡುಗೆಯ ಎಣ್ಣೆಯ ಸಮೀಪಕ್ಕೂ ಬರಬಾರದು, ಖಾಲಿಯಾದ ಮೇಲೂ ಬರಬಾರದು. ರೈತರ ಮನೆಗಳಿರುವ ಊರಿನಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಶಾಲೆಯ ಬಿಸಿಯೂಟವನ್ನು ಮಕ್ಕಳಿಗಿಂತ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ಕ್ರಮವಿದೆ. ಅದನ್ನು ಶಾಸ್ತ್ರಕ್ಕೆಂದು ಒಂದು ಅಗುಳು ಬಾಯಿಗೆ ಹಾಕಿಕೊಂಡು ಮುಗಿಸಬೇಡಿ ಎಂದು ಶಿಕ್ಷಕ ಬಂಧುಗಳಲ್ಲಿ ವಿನಂತಿ. ವಾಸನೆ ನೋಡಿ, ಅರ್ಧ ಗಂಟೆ ಕಾಯಿರಿ, ಆಮೇಲೆ ಬಡಿಸಿ. ಜಾತ್ರೆ, ಮದುವೆ, ಶಾಲಾ ಸಮಾರಂಭಗಳಲ್ಲಿ ಸಾಮೂಹಿಕ ಭೋಜನ ಮಾಡಿಸುವಾಗ ಪ್ರತಿಯೊಂದು ಅಡುಗೆಯಿಂದಲೂ ಒಂದು ಬಟ್ಟಲಿನಷ್ಟನ್ನು ಶುಚಿಯಾದ ಡಬ್ಬಿಗೆ ಹಾಕಿ ಮರುದಿನದವರೆಗೆ ಫ್ರಿಜ್ಜಿನಲ್ಲಿಡಿ. ಯಾರಿಗಾದರೂ ತೊಂದರೆಯಾದರೆ ವೈದ್ಯರಿಗೆ ಕಾರಣ ಬೇಗ ಸಿಗುತ್ತದೆ. ಆಗದಿದ್ದರೆ ಹಸುವಿಗೆ ಹಾಕಬಹುದು. ಹೊರಗಿನಿಂದ ಅಡುಗೆಯವರನ್ನು ಕರೆಸಿದರೆ ಅವರ ಬಿಲ್ಲಿನ ಮೇಲೆ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇದೆಯೆ ನೋಡಿ. ಚಿಕ್ಕ ಅಡುಗೆಯವರಿಗೆ ಅದು ಕಡಿಮೆ ಶುಲ್ಕದ ನೋಂದಣಿ, ದೊಡ್ಡ ಹೊರೆಯಲ್ಲ. ಮಾಡಿಸಿಕೊಳ್ಳದವರಿಗೆ ನೀವೇ ಮಾಡಿಸಿಕೊಡಬಹುದು.

ಇಂದಿನ ಊಟದ ಡಬ್ಬಿಗಳನ್ನು ಬೆಳಗ್ಗೆಯೇ ತೆಗೆದಿಡಿಸಿ, ಮುಖ್ಯೋಪಾಧ್ಯಾಯರ ಮನೆಯ ಫ್ರಿಜ್ಜಿಗೆ ಕಳಿಸಿದ್ದೇನೆ. ಅತಿಥಿಯಾಗಿ ಬಂದು ಅಡುಗೆಮನೆಗೆ ನುಗ್ಗಿದೆನೆಂದು ಅಡುಗೆಯ ಭಟ್ಟರು ಸ್ವಲ್ಪ ಮುನಿಸಿಕೊಂಡಿದ್ದಾರೆ. ಪಾಯಸ ಬಡಿಸುವಾಗ ನನ್ನ ಎಲೆಯನ್ನು ಮರೆಯಬಾರದೆಂದು ಸಮಿತಿಯವರು ಅವರಿಗೆ ಹೇಳಬೇಕು. ಅನ್ನ ಇಳಿಸಿ ಒಂದು ಗಂಟೆಗೂ ಹೆಚ್ಚಾಯಿತು. ಅದು ಇನ್ನಷ್ಟು ಆರುವಂತೆ ನಾನು ಮಾತಾಡುತ್ತಾ ನಿಲ್ಲುವುದು ಸರಿಯಲ್ಲ.